ಕೆಂಚಪ್ಪನೂ ರೋಹಿತನೂ ಒಂದೇ: ಕೂಸಿನ ಹೆಸರು ಆರಿಸುವ ಮುಂಚೆ

ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ನಮ್ಮ ಬಾಗಲಕೋಟೆ ಕಡೆ ತೊಟ್ಟಿಲಿಗೆ ಹಾಕುವ ದಿನ ಹೆಸರು ಹೇಳುವವಳು ಸೋದರತ್ತೆ. ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂತ ಹೆಸರು ಉಸುರಬೇಕು. ಹಿಂದೆ ನಿಂತ ಹೆಂಗಸರು ಅಷ್ಟರಲ್ಲೇ ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ. ಗುದ್ದು ತಿನ್ನುವವಳು ನಾನೇ ಅಂದಮೇಲೆ ಹೆಸರು ಹುಡುಕುವ ಕೆಲಸವೂ ನನಗೇ ಬಂತು. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದೆ. ಎರಡು ದಿನಕ್ಕೆ ಅರವತ್ತು ಹೆಸರು ಬಂದವು. ನಮ್ಮವ್ವನಿಗೆ ಅವರವ್ವನ ಹೆಸರೇ ಬೇಕು, ನೀಲವ್ವ. ತಮ್ಮನ ಹೆಂಡತಿಗೆ ಕಿಯಾರಾ ಇಲ್ಲವೇ ಆದ್ಯಾ. ಕಾಕಾನಿಗೆ ಜಾತಕದ ಅಕ್ಷರ ಬಿಟ್ಟು ಬೇರೆ ಮಾತಿಲ್ಲ. ತಮ್ಮ ಮಾತ್ರ, ‘ನೀವೇ ನೋಡ್ರಿ, ಅರ್ಥ ಚಲೋ ಇರಬೇಕು ಅಷ್ಟ’ ಅಂದ.

ಅರ್ಥ ಚಲೋ ಇರಬೇಕು ಅನ್ನುವ ಮಾತು ಹಿಡಿದು ನಿಘಂಟು ತೆರೆದೆ. ಅಲ್ಲಿಂದ ನನ್ನ ತಲೆ ಬೇರೆ ಕಡೆಗೇ ಓಡಿತು.

ಒಂದೇ ಅರ್ಥ, ಎರಡು ಅಂಗಿ

ನಮ್ಮೂರಿನಲ್ಲಿ ಕೆಂಚಪ್ಪ ಅಂದರೆ ಹಳೇ ಹೆಸರು, ರೋಹಿತ್ ಅಂದರೆ ಕ್ರಿಕೆಟ್ ಆಡುವವನ ಹೆಸರು. ಕೆಂಚ ಅಂದರೆ ಕೆಂಪು ಬಣ್ಣದವನು. ಸಂಸ್ಕೃತದ ರೋಹಿತ ಅಂದರೂ ಕೆಂಪು. ಕರೆಪ್ಪ ಅಂದರೆ ಕಪ್ಪಗಿರುವವನು. ಕೃಷ್ಣ ಅಂದರೂ ಅದೇ, ಶ್ಯಾಮ ಅಂದರೂ ಹೆಚ್ಚುಕಡಿಮೆ ಅದೇ. ಕಲ್ಲವ್ವ ಅಂದರೆ ಹುಡುಗಿ ಮುಖ ಸಣ್ಣ ಮಾಡುತ್ತಾಳೆ, ಶೈಲಾ ಅಂದರೆ ನಗುತ್ತಾಳೆ. ಶೈಲ ಅಂದರೂ ಕಲ್ಲು ಬಂಡೆ ಬೆಟ್ಟವೇ. ಗುಡ್ಡಪ್ಪನ ಪಕ್ಕ ಗಿರೀಶನನ್ನು ನಿಲ್ಲಿಸಿ. ಹೊನ್ನವ್ವನ ಪಕ್ಕ ಸುವರ್ಣಾ, ಮುತ್ತವ್ವನ ಪಕ್ಕ ಮುಕ್ತಾ, ಅಡಿವೆವ್ವನ ಪಕ್ಕ ಈಗಿನ ವನ್ಯಾ. ವನ್ಯ ಅಂದರೆ ಅಡವಿಗೆ ಸೇರಿದ್ದು.

ಎಲ್ಲಕ್ಕಿಂತ ನನಗೆ ಮಜಾ ಅನಿಸಿದ್ದು ಬಸಪ್ಪನ ಕಥೆ. ಸಂಸ್ಕೃತದ ವೃಷಭ ಜನರ ಬಾಯಲ್ಲಿ ಸವೆದು ಸವೆದು ಕನ್ನಡದ ಬಸವ ಆಯಿತು. ಎತ್ತು, ಗೂಳಿ, ಶಿವನ ನಂದಿ. ಈಗ ಪೇಟೆಯಲ್ಲಿ ರಿಷಭ್ ಅಂತ ಹೆಸರಿಡುತ್ತಾರಲ್ಲ, ಆ ಋಷಭ ಅಂದರೂ ಗೂಳಿಯೇ. ಜೈನರ ಮೊದಲ ತೀರ್ಥಂಕರರು ವೃಷಭನಾಥರು, ಅವರ ಲಾಂಛನವೂ ಎತ್ತು. ಅಜ್ಜ ಬಸಪ್ಪ, ಮೊಮ್ಮಗ ರಿಷಭ್ ಆಗಿದ್ದರೆ ಮನೆಯಲ್ಲಿ ಹೆಸರು ಬದಲಾಗೇ ಇಲ್ಲ ಅಂತ ತಿಳಿಯಿರಿ.

ಹಾಗಾದರೆ ನಾವು ಆರಿಸುತ್ತಿರುವುದು ಅರ್ಥವನ್ನಲ್ಲ. ಆ ಹೆಸರು ಯಾವ ಓಣಿಯದು, ಯಾವ ಕಾಲದ್ದು, ಕೇಳಿದವರು ನಮ್ಮನ್ನು ಎಲ್ಲಿ ಕೂರಿಸುತ್ತಾರೆ ಅನ್ನುವುದನ್ನು. ಇದನ್ನು ಒಪ್ಪಿಕೊಂಡಮೇಲೆ ಹೋಲಿಸುವುದು ಸುಲಭವಾಯಿತು.

ಮನೆದೇವರ ಹೆಸರು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಹೆಸರು ಕೇಳಿದರೆ ಊರು ಹೇಳಬಹುದು ಅನ್ನುತ್ತಿದ್ದರು ನಮ್ಮ ಅಜ್ಜ. ಯಲಗೂರಪ್ಪ, ಯಲಗೂರೇಶ ಅಂದರೆ ಕೃಷ್ಣೆಯ ದಂಡೆ, ಆಲಮಟ್ಟಿ ಹತ್ತಿರದ ಯಲಗೂರಿನ ಹನುಮಪ್ಪನ ಒಕ್ಕಲು. ಯಲಗೂರು ಅಂದರೆ ಏಳು ಊರು. ಏಳೂರ ದೇವರು ಒಬ್ಬ ಹುಡುಗನ ಹೆಸರಿನಲ್ಲಿ ಕೂತಿದ್ದಾನೆ. ಬೆಂಗಳೂರಿನಲ್ಲಿ ಈ ಹೆಸರು ಹೇಳಿದರೆ ಮೂರು ಸಲ ಕೇಳುತ್ತಾರೆ, ಅದು ಬೇರೆ ಮಾತು. ಹನುಮಂತನ ಹೆಸರಿನ ಮೂಲ ‘ಹನು’, ಅಂದರೆ ದವಡೆ. ಮಾರುತಿ ಅಂದರೆ ಗಾಳಿಯ ಮಗ. ಗಾಳಿಯೇ ಬೇಕು ಅನ್ನುವವರು ಪವನ್, ಅನಿಲ್ ಅಂತ ಇಟ್ಟುಕೊಂಡರು. ನಮ್ಮ ಕಡೆ ಹನಮಂತ, ಹನಮಪ್ಪ, ಹನಮವ್ವ. ‘ಹನು’ ಅಲ್ಲ, ‘ಹನ’. ಈ ಒಂದು ಅಕ್ಷರ ಮುಂದೆ ಎಷ್ಟು ಕಾಡುತ್ತದೆ ಅಂತ ಆಮೇಲೆ ಹೇಳುತ್ತೇನೆ.

ಸಂಗಪ್ಪ, ಸಂಗವ್ವ, ಸಂಗಮೇಶ ಕೂಡಲಸಂಗಮದಿಂದ ಬಂದವರು. ಅಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಕನ್ನಡದಲ್ಲಿ ಹೊಳೆ ಕೂಡುವ ಜಾಗ ‘ಕೂಡಲ’, ಸಂಸ್ಕೃತದಲ್ಲಿ ಅದೇ ‘ಸಂಗಮ’. ಊರಿನ ಹೆಸರಿನಲ್ಲಿ ಒಂದೇ ಅರ್ಥವನ್ನು ಎರಡು ಭಾಷೆ ಎರಡು ಸಲ ಹೇಳಿವೆ. ನನಗೆ ಈ ಹೆಸರು ಬಹಳ ಸೇರುತ್ತದೆ. ಗಂಡು ಕೂಸಾಗಿದ್ದರೆ ಸಂಗಮ ಅಂತಲೇ ಇಡಿಸುತ್ತಿದ್ದೆ, ಬಾಲ ಹಚ್ಚದೆ.

ಮಲ್ಲಪ್ಪ, ಮಲ್ಲವ್ವ, ಮಲ್ಲಿಕಾರ್ಜುನ ಶ್ರೀಶೈಲದ ಮಲ್ಲಯ್ಯನವರು. ಯುಗಾದಿ ಹತ್ತಿರ ಬಂದರೆ ನಮ್ಮ ರಸ್ತೆಗಳ ಮೇಲೆ ಕಂಬಿ ಹೊತ್ತು ನಡೆಯುವ ಮಂದಿಯನ್ನು ನೀವು ನೋಡಿರುತ್ತೀರಿ. ಮಲ್ಲಿಕಾ ಅಂದರೆ ಮಲ್ಲಿಗೆ, ಅರ್ಜುನ ಅಂದರೆ ಬಿಳಿ. ಇದರ ಮುಂದೆ ‘ಚೆನ್ನ’ ಸೇರಿಸಿ ಅಕ್ಕಮಹಾದೇವಿ ತನ್ನ ಅಂಕಿತ ಮಾಡಿಕೊಂಡಳು. ‘ಮಲ್ಲ’ ಅಂದ ತಕ್ಷಣ ಕುಸ್ತಿ ನೆನಪಾಗುತ್ತದೆ, ಒಳಗೆ ನೋಡಿದರೆ ಹೂವಿದೆ.

ಈರಪ್ಪ, ಈರಣ್ಣ, ಈರವ್ವ ಎಲ್ಲಿಂದ ಬಂದರು ಅಂತ ಹೊಸ ಹುಡುಗರಿಗೆ ಗೊತ್ತಿರುವುದಿಲ್ಲ. ವೀರಭದ್ರನ ‘ವೀರ’ ನಮ್ಮ ಬಾಯಲ್ಲಿ ‘ಈರ’ ಆಗುತ್ತದೆ, ವಿಭೂತಿ ‘ಈಬತ್ತಿ’ ಆದ ಹಾಗೆ. ಚಿಕ್ಕೋಡಿ ಕಡೆ ಯಡೂರು, ರಾಮದುರ್ಗ ಕಡೆ ಗೊಡಚಿ, ಎರಡೂ ವೀರಭದ್ರನ ದೊಡ್ಡ ಜಾಗ. ಸುತ್ತಲಿನ ಹಳ್ಳಿಯಲ್ಲಿ ಮನೆಗೊಬ್ಬ ಈರಣ್ಣ ಇದ್ದರೆ ಆಶ್ಚರ್ಯ ಇಲ್ಲ. ಲಕ್ಕವ್ವ, ಲಕ್ಕಪ್ಪ ಕೂಡ ಹೀಗೆಯೇ. ಲಕ್ಷ್ಮಿ, ಲಕ್ಷ್ಮಣರ ‘ಕ್ಷ’ ಸವೆದು ‘ಕ್ಕ’ ಆಯಿತು. ರಾಕ್ಷಸ ರಕ್ಕಸ ಆಗಿದ್ದೂ ಇದೇ ದಾರಿಯಲ್ಲಿ. ಸತ್ಯಪ್ಪ ಸತ್ತೆಪ್ಪ ಆದ. ಇವನ್ನು ತಪ್ಪು ಉಚ್ಚಾರ ಅನ್ನುವವರಿದ್ದಾರೆ. ತಪ್ಪಲ್ಲ, ಸಾವಿರಾರು ಬಾಯಿ ಸೇರಿ ಉಜ್ಜಿದ್ದು.

ಸವದತ್ತಿ ಗುಡ್ಡದ ರೇಣುಕಾ ಯಲ್ಲಮ್ಮನಿಂದ ಯಲ್ಲವ್ವ, ಯಲ್ಲಪ್ಪ, ರೇಣುಕಾ. ಎಲ್ಲರ ಅಮ್ಮ ಯಲ್ಲಮ್ಮ ಅಂತ ಜನ ಬಿಡಿಸಿ ಹೇಳುತ್ತಾರೆ. ರೇಣುಕಾ ಬಂದದ್ದು ‘ರೇಣು’ ಅನ್ನುವ ಪದದಿಂದ. ದೂಳಿನ ಕಣ, ಹೂವಿನ ಪರಾಗ. ಅರಿಶಿನದ ಭಂಡಾರ ಹಾರುವ ಆ ಗುಡ್ಡದಲ್ಲಿ ನಿಂತು ಈ ಅರ್ಥ ನೆನಪಿಸಿಕೊಂಡರೆ ಮೈ ಜುಮ್ ಅನ್ನುತ್ತದೆ. ಯಲ್ಲವ್ವನಿಗೂ ರೇಣುಕಾಗೂ ದೇವತೆ ಒಂದೇ. ಆದರೆ ಶಾಲೆಗೆ ಹಚ್ಚುವಾಗ ರೇಣುಕಾ ಅಂತ ಬರೆಸಿ, ಮನೆಯಲ್ಲಿ ಯಲ್ಲಿ ಅಂತ ಕರೆಯುವುದು ನಮ್ಮಲ್ಲಿ ಹಳೇ ರೂಢಿ.

ಮೂರು ತಲೆಮಾರು ಒಟ್ಟಿಗೆ ನಿಲ್ಲಿಸಿ ನೋಡಿದರೆ ಒಂದು ದಾರಿ ಕಾಣುತ್ತದೆ. ಅಜ್ಜ ಕಲ್ಲಪ್ಪ, ಅಪ್ಪ ಕಲ್ಮೇಶ. ಅಜ್ಜ ಮಲ್ಲಪ್ಪ, ಅಪ್ಪ ಮಲ್ಲಿಕಾರ್ಜುನ. ಅಜ್ಜ ಈರಪ್ಪ, ಅಪ್ಪ ವೀರೇಶ. ‘ಅಪ್ಪ’ ಹೋಗಿ ‘ಈಶ’ ಬಂದ. ದೇವರು ಬದಲಾಗಲಿಲ್ಲ. ಮೂರನೇ ತಲೆಮಾರಿಗೆ ದೇವರೇ ಹೆಸರಿನಿಂದ ಇಳಿದು ಹೋದ. ಮನೆದೇವರ ಹೆಸರು ಬೇಕು, ಹಳೇದು ಅನಿಸಬಾರದು ಅನ್ನುವವರಿಗೆ ಈ ‘ಈಶ’ದ ಹೆಸರುಗಳು ಈಗಲೂ ಒಳ್ಳೇ ನಡುದಾರಿ. ಹೆಣ್ಣುಮಕ್ಕಳಿಗೆ ಮಾತ್ರ ಇಂಥ ದಾರಿ ಕಡಿಮೆ. ‘ಅವ್ವ’ ಕಿತ್ತರೆ ಹೆಚ್ಚಾಗಿ ಬೇರೆ ಹೆಸರೇ ಹುಡುಕಬೇಕು.

ಶರಣರು, ರಾಣಿಯರು

ಬಸವಣ್ಣ ಹುಟ್ಟಿದ್ದು ಬಸವನಬಾಗೇವಾಡಿಯಲ್ಲಿ, ಐಕ್ಯವಾದದ್ದು ಕೂಡಲಸಂಗಮದಲ್ಲಿ. ಹನ್ನೆರಡನೇ ಶತಮಾನದ ಆ ಹೆಸರುಗಳು ನಮಗೆ ಪುಸ್ತಕದ ಹೆಸರಲ್ಲ, ನೆಂಟರ ಹೆಸರು. ನಾಗಮ್ಮ ಅವರ ಅಕ್ಕ, ಚೆನ್ನಬಸವಣ್ಣ ಅಕ್ಕನ ಮಗ, ಗಂಗಾಂಬಿಕೆ, ನೀಲಾಂಬಿಕೆ ಹೆಂಡಂದಿರು. ನೀಲಾಂಬಿಕೆ ಐಕ್ಯವಾದ ತಂಗಡಗಿ ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯಲ್ಲೇ ಇದೆ. ನಮ್ಮ ಅಜ್ಜಿಗೆ ನೀಲವ್ವ ಅಂತ ಹೆಸರು ಬಂದದ್ದು ಅಲ್ಲಿಂದ.

‘ಚೆನ್ನ’ ಅಚ್ಚಗನ್ನಡ ಪದ, ಚಂದ ಅಂತ ಅರ್ಥ. ಚೆನ್ನಪ್ಪ, ಚೆನ್ನವ್ವ, ಚೆನ್ನಮ್ಮ. ಕಿತ್ತೂರಿನ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಬ್ರಿಟಿಷರ ದಂಡನ್ನು ಸೋಲಿಸಿದಳು. ಅವರ ಕಲೆಕ್ಟರ್ ಥ್ಯಾಕರೆ ಸತ್ತ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅವಳ ಜೀವ ಹೋಯಿತು. ಅವಳ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ರಾಯ ಅಂದರೆ ರಾಜ. ಇಷ್ಟು ದೊಡ್ಡ ಹೆಸರು, ಆದರೂ ಊರ ತುಂಬ ಪುತ್ಥಳಿ ಕಾಣುತ್ತವೆ, ನನ್ನ ಓಣಿಯ ತೊಟ್ಟಿಲಲ್ಲಿ ಚೆನ್ನಮ್ಮ ಕಾಣಲಿಲ್ಲ. ಪುತ್ಥಳಿಗೆ ಬೇಕಾದ ಹೆಸರು ಮಗಳಿಗೆ ಬೇಡ ಅಂದರೆ ಏನು ಹೇಳಬೇಕು?

ಚಾಲುಕ್ಯರ ಬಾದಾಮಿ ನಮ್ಮ ಜಿಲ್ಲೆಯಲ್ಲೇ ಇದೆ. ವಿಕ್ರಮ, ಆದಿತ್ಯ ಎರಡೂ ಬೇರೆ ಬೇರೆಯಾಗಿ ಈಗ ಓಡುತ್ತಿರುವ ಹೆಸರು. ಎರಡೂ ಸೇರಿದರೆ ಅಲ್ಲಿನ ರಾಜ ವಿಕ್ರಮಾದಿತ್ಯ. ಪುಲಕೇಶಿ ಬೇಕಾದರೆ ಧೈರ್ಯ ಬೇಕು. ಕ್ಲಾಸಿನಲ್ಲಿ ಅವನನ್ನು ‘ಪುಲ್ಯಾ’ ಅಂತ ಕರೆಯದೇ ಬಿಡುವುದಿಲ್ಲ.

ಬೆಳಗಾವಿ ಕಡೆ, ವಿಜಯಪುರ ಕಡೆ

ಚಿಕ್ಕೋಡಿ, ಅಥಣಿ, ರಾಯಬಾಗ ದಾಟುತ್ತಿದ್ದ ಹಾಗೆ ಹೆಸರಿನ ಗಾಳಿ ಬದಲಾಗುತ್ತದೆ. ಅಣ್ಣಾಸಾಹೇಬ, ಅಪ್ಪಾಸಾಹೇಬ, ಬಾಳಾಸಾಹೇಬ. ಮುಂದೆ ಕನ್ನಡದ ಅಣ್ಣ, ಅಪ್ಪ, ಹಿಂದೆ ಅರಬ್ಬಿಯ ‘ಸಾಹಿಬ್’. ಮೊದಲಿಗೆ ಅದರ ಅರ್ಥ ಜೊತೆಗಾರ, ಆಮೇಲೆ ಯಜಮಾನ. ಈ ಹೆಸರನ್ನು ಹೊತ್ತವನು ಮಾತ್ರ ಮನೆಯಲ್ಲಿ ಮರಾಠಿಯನ್ನೋ ಕನ್ನಡವನ್ನೋ ಎರಡನ್ನೂ ಬೆರೆಸಿಯೋ ಮಾತಾಡುತ್ತಾನೆ. ಪಂಢರಪುರದ ವಾರಿಗೆ, ಅಂದರೆ ಕಾಲ್ನಡಿಗೆಯ ಯಾತ್ರೆಗೆ, ಹೋಗುವ ಮನೆಗಳಲ್ಲಿ ವಿಠ್ಠಲ, ಪಾಂಡುರಂಗ, ತುಕಾರಾಮ. ಕೊಲ್ಲಾಪುರ ಹತ್ತಿರದ ಜ್ಯೋತಿಬಾನಿಂದ ಜ್ಯೋತಿಬಾ. ಜೈನರ ಮನೆಗಳಲ್ಲಿ ಜಿನಪ್ಪ, ಭರಮಪ್ಪ, ಬಾಹುಬಲಿ, ಪದ್ಮಾವತಿ. ಜಿನ ಅಂದರೆ ಗೆದ್ದವನು. ಅಜಿತ್ ಅಂದರೆ ಗೆಲ್ಲಲಾಗದವನು, ಅವನೂ ಒಬ್ಬ ತೀರ್ಥಂಕರನೇ. ಭರಮಪ್ಪ ಅನ್ನುವುದು ಬ್ರಹ್ಮನ ‘ಬ್ರ’ವನ್ನು ನಾಲಿಗೆ ಬಿಡಿಸಿಕೊಂಡ ರೀತಿ.

ಈ ಗಡಿಯಲ್ಲಿ ಹೆಸರು ಆರಿಸುವವರಿಗೆ ಒಂದು ಅನುಕೂಲ ಇದೆ. ಮಾರುತಿ, ಮಹಾದೇವ, ಲಕ್ಷ್ಮಿ, ಸುನೀತಾ ಎರಡೂ ಭಾಷೆಯಲ್ಲಿ ಒಂದೇ ಸಲೀಸಾಗಿ ಓಡುತ್ತವೆ. ಮದುವೆ ಸಂಬಂಧ ಸಾಂಗ್ಲಿ, ಮೀರಜ ಕಡೆಗೂ ಹೋಗುವ ಮನೆಗಳು ಇದನ್ನು ನೋಡಿಯೇ ಇಡುತ್ತವೆ.

ವಿಜಯಪುರದ ಹಳೇ ಓಣಿಗಳಲ್ಲಿ ಅರಬ್ಬಿ, ಫಾರ್ಸಿ ಹೆಸರುಗಳು ನಮ್ಮ ಕನ್ನಡದ ನಾಲಿಗೆಗೆ ಎಷ್ಟೋ ಕಾಲದಿಂದ ಒಗ್ಗಿವೆ. ಮೆಹಬೂಬ ಅಂದರೆ ಪ್ರೀತಿಯವನು. ದಸ್ತಗೀರ ಅಂದರೆ ಕೈ ಹಿಡಿದವನು, ಕಷ್ಟದಲ್ಲಿ ಆದವನು. ಫಾರ್ಸಿಯಲ್ಲಿ ‘ದಸ್ತ್’ ಅಂದರೆ ಕೈ. ಬಂದೇನವಾಜ ಅಂದರೆ ಸೇವಕರ ಮೇಲೆ ದಯೆ ಇರುವವನು. ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾದಿಂದ ಈ ಹೆಸರು ನಮ್ಮ ಹಳ್ಳಿಗಳಿಗೆ ಬಂತು. ಇಬ್ರಾಹಿಂ, ಮಹಮ್ಮದ್, ಅಲಿ ಇವು ಆದಿಲ್‌ಶಾಹಿ ದೊರೆಗಳ ಹೆಸರೂ ಹೌದು. ಗೋಳಗುಮ್ಮಟದ ಕೆಳಗೆ ಮಲಗಿರುವವನು ಮಹಮ್ಮದ್ ಆದಿಲ್ ಶಾಹ. ಮಹಮ್ಮದ್ ಅಂದರೆ ಹೊಗಳಿಕೆಗೆ ಪಾತ್ರನಾದವನು, ಆದಿಲ್ ಅಂದರೆ ನ್ಯಾಯವಂತ. ಚಾಂದಬೀಬಿ ಈ ಮನೆಯ ಸೊಸೆ. 1595ರ ಹೊತ್ತಿಗೆ ಅಹಮದನಗರದ ಕೋಟೆಯಲ್ಲಿ ನಿಂತು ಮೊಘಲರನ್ನು ತಡೆದವಳು. ಚಾಂದ ಅಂದರೆ ಚಂದ್ರ, ಬೀಬಿ ಅಂದರೆ ಮನೆಯೊಡತಿ. ನಮ್ಮ ಓಣಿಯ ಚಾಂದಬಿಯೂ ಚಂದ್ರವ್ವನೂ ನಲ್ಲಿ ಮುಂದೆ ಕೊಡ ಇಟ್ಟು ಜಗಳ ಆಡುವಾಗ ನಾನು ಇದನ್ನೇ ನೆನೆಸಿಕೊಂಡು ನಗುತ್ತೇನೆ.

ಇನ್ನೊಂದು ಹೆಸರು, ಫಕೀರಪ್ಪ. ಅರಬ್ಬಿಯ ಫಕೀರ ಅಂದರೆ ಬಡವ. ಅದಕ್ಕೆ ಕನ್ನಡದ ಅಪ್ಪ. ಗದಗ ಜಿಲ್ಲೆಯ ಶಿರಹಟ್ಟಿ ಫಕೀರೇಶ್ವರನಿಗೆ ನಡೆದುಕೊಳ್ಳುವ ಹಿಂದೂ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ, ಫಕೀರಗೌಡ ಇದ್ದಾರೆ. ಹೆಸರಿನಿಂದ ಜಾತಿ ಧರ್ಮ ಅಳೆಯುವವನು ಇಲ್ಲಿ ಸುಮ್ನೆ ಸೋಲುತ್ತಾನೆ.

ದೃಷ್ಟಿ ತಾಕದಿರಲಿ ಅಂತ ಇಟ್ಟ ಹೆಸರು

ತಿಪ್ಪಣ್ಣ, ತಿಪ್ಪವ್ವ, ತಿರಕಪ್ಪ. ತಿಪ್ಪೆ, ತಿರುಕ. ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿದ್ದ ಕಾಲದಲ್ಲಿ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಳ್ಳುತ್ತಿದ್ದರು. ಇದು ಬೇಡಾದ ಕೂಸು ಅಂತ ಸಾವು ಮೋಸಹೋಗಲಿ ಅನ್ನುವ ಆಸೆ. ಈ ಹೆಸರಿಗೆ ನಗುವವರು ಇದನ್ನು ತಿಳಿದರೆ ನಗಲಿಕ್ಕಿಲ್ಲ. ಎಷ್ಟೋ ಮುದ್ದಿನ ಹೆಸರಿಗಿಂತ ಜಾಸ್ತಿ ಪ್ರೀತಿ ತಿಪ್ಪಣ್ಣನಲ್ಲಿದೆ.

ಇದರ ತದ್ವಿರುದ್ಧವೂ ಇದೆ. ಸಾಲಾಗಿ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಅಂತ ಸಾಕವ್ವ. ಮಹಾರಾಷ್ಟ್ರದಲ್ಲಿ ಇದು ನಕುಸಾ, ಅಂದರೆ ಬೇಡಾದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಈ ಹೆಸರಿನ 280ಕ್ಕೂ ಹೆಚ್ಚು ಹುಡುಗಿಯರಿಗೆ ಕಾರ್ಯಕ್ರಮ ಮಾಡಿ ಹೊಸ ಹೆಸರು ಕೊಟ್ಟರು. ಹಿರಿಯರ ಹೆಸರು ಇಡುವಾಗ ಒಂದು ಮಾತು ವಿಚಾರಿಸಿ. ಅಜ್ಜಿಗೆ ಆ ಹೆಸರು ಪ್ರೀತಿಯಿಂದ ಬಂದಿತ್ತೋ, ಬೇಸರದಿಂದ ಬಂದಿತ್ತೋ. ಬೇಸರದ್ದಾದರೆ ಅಲ್ಲಿಗೇ ನಿಲ್ಲಿಸಿ.

ಹಿರಿಯರ ಹೆಸರಿಗೆ ಇನ್ನೊಂದು ತೊಡಕು. ಸೊಸೆ ಆ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಬೈಯುವ ಹಾಗಂತೂ ಇಲ್ಲವೇ ಇಲ್ಲ. ಅದಕ್ಕೇ ಅಜ್ಜನ ಹೆಸರಿನ ಹುಡುಗ ಮನೆಯಲ್ಲಿ ಅಪ್ಪು ಆಗುತ್ತಾನೆ, ಅಜ್ಜಿಯ ಹೆಸರಿನವಳು ಪುಟ್ಟಿ ಆಗುತ್ತಾಳೆ. ಶಾಲೆಯ ಮೊದಲ ದಿನ ಮಾಸ್ತರು ಹಾಜರಿ ಕೂಗಿದರೆ ಅದು ತನ್ನ ಹೆಸರು ಅಂತ ಅವಳಿಗೇ ಗೊತ್ತಿರುವುದಿಲ್ಲ.

ಮೊಬೈಲಿನಲ್ಲಿ ಸಿಗುವ ಹೆಸರು

ಈಗಿನವರು ಮೊದಲು ನೋಡುವುದು ಇಲ್ಲೇ. ತಪ್ಪೇನಿಲ್ಲ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಪಕ್ಕದಲ್ಲಿ ಬರೆದ ಅರ್ಥವನ್ನು ನಂಬಬೇಡಿ. ಆರವ್ ಅಂದರೆ ಶಾಂತ ಅಂತ ಎಷ್ಟೋ ಕಡೆ ಬರೆದಿದ್ದಾರೆ. ಸಂಸ್ಕೃತದಲ್ಲಿ ಆರವ ಅಂದರೆ ಸದ್ದು, ಕೂಗು. ಕನ್ನಡದ ‘ಕಲರವ’ ಗೊತ್ತಿದ್ದವರಿಗೆ ಇದು ತಾನಾಗಿ ಹೊಳೆಯುತ್ತದೆ. ಶಾಂತವೇ ಬೇಕಾದರೆ ನೀರವ ಇದೆ. ಸದ್ದಿಲ್ಲದವನು. ಆರವ್‌ಗಳ ಮನೆಯವರು ಬೇಜಾರು ಮಾಡಿಕೊಳ್ಳಬೇಡಿ, ಮಕ್ಕಳಿಗೆ ಆ ಹೆಸರು ಬಹಳ ಒಪ್ಪುತ್ತದೆ.

ರೇಯಾಂಶ್ ಅಂದರೆ ಸೂರ್ಯನ ಕಿರಣದ ಅಂಶ ಅಂತೆ. ಅಂಶ ಸಂಸ್ಕೃತ, ಸರಿ. ಕಿರಣ ಅನ್ನುವ ‘ರೇ’ ಇಂಗ್ಲಿಷಿನದು. ಸಂಸ್ಕೃತದ ‘ರೇ’ ಯಾರನ್ನೋ ಎಲಾ ಅಂತ ಗದರಿಸಿ ಕರೆಯುವ ಪದ. ನಮ್ಮ ದೊಡ್ಡಾಟದಲ್ಲಿ ರಾಕ್ಷಸ ‘ರೇ ರೇ’ ಅನ್ನುತ್ತಾನಲ್ಲ, ಅದು. ಇಶಾನ್ ಮಾತ್ರ ಗಟ್ಟಿ ಹೆಸರು. ಈಶಾನ ಅಂದರೆ ಒಡೆಯ, ಶಿವ. ಈಶಾನ್ಯ ದಿಕ್ಕೂ ಅವನದೇ. ಹೊಸ ಹೆಸರೂ ಬೇಕು, ಮನೆದೇವರೂ ಉಳಿಯಬೇಕು ಅನ್ನುವ ಶಿವಭಕ್ತರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಅಯಾನ್ ಅರಬ್ಬಿಯಿಂದ ಬಂದರೆ ಕಣ್ಣಿಗೆ ಸ್ಪಷ್ಟ ಕಾಣುವುದು ಅಂತ ಅರ್ಥ. ಸಂಸ್ಕೃತದ ಅಯನ ಆದರೆ ದಾರಿ, ನಡಿಗೆ. ಉತ್ತರಾಯಣದಲ್ಲಿ ಇರುವುದು ಅದೇ. ಎರಡೂ ಮನೆಯವರು ಇಡುತ್ತಾರೆ, ಎರಡೂ ಸರಿ.

ಆದ್ಯಾ ಅಂದರೆ ಮೊದಲನೆಯವಳು, ಆದಿಶಕ್ತಿ. ಚೊಚ್ಚಲ ಮಗಳಿಗೆ ಚೆಂದ. ಆದರೆ ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚಿಗೆ ಹಾಕಿ, ಅದನ್ನು ನೋಡಿ ಕನ್ನಡದಲ್ಲಿ ‘ಆಧ್ಯಾ’ ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಕಿಯಾರಾ ಯುರೋಪಿನ ಹೆಸರು. ಇಟಲಿಯ ಮೂಲ ಹಿಡಿದರೆ ಹೊಳೆಯುವವಳು, ಐರ್ಲೆಂಡಿನ ಮೂಲ ಹಿಡಿದರೆ ಕಪ್ಪಗಿರುವವಳು. ಇದನ್ನು ನಾನು ಊಟಕ್ಕೆ ಕೂತಾಗ ಹೇಳಿದೆ. ‘ಅಂದ್ರ ಕರೆವ್ವ ಅನ್ರಿ’ ಅಂದ ತಮ್ಮ. ಅವನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಅಲ್ಲಿಗೆ ಕಿಯಾರಾ ಪಟ್ಟಿಯಿಂದ ಹೋಯಿತು.

ಕನ್ನಡದ ಹೊಸ ಹೆಸರುಗಳ ಬಗ್ಗೆ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಸಿರಿ, ಇಂಚರ, ನೇಸರ. ಚಿಕ್ಕವು, ಬರೆಯಲು ಸುಲಭ, ಅರ್ಥಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಒಂದೇ ಕೊರತೆ, ನಮ್ಮ ಊರಿನ ಮಣ್ಣಿನ ವಾಸನೆ ಇವುಗಳಲ್ಲಿ ಅಷ್ಟಾಗಿ ಇಲ್ಲ. ಇಂಚರ ಮೈಸೂರಿನಲ್ಲೂ ಇರಬಹುದು, ಮುಧೋಳದಲ್ಲೂ ಇರಬಹುದು. ಕೆಲವರಿಗೆ ಅದೇ ಬೇಕು.

ಜಾತಕದ ಅಕ್ಷರದ ಲೆಕ್ಕ ಇಷ್ಟೇ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ರೋಹಿಣಿಗೆ ಓ, ವಾ, ವೀ, ವೂ ಬಂದರೆ ಸರಿ. ಆರಿದ್ರಾ ನಕ್ಷತ್ರದ ಒಂದು ಪಾದಕ್ಕೆ ‘ಙ’, ಹಸ್ತದ ಒಂದಕ್ಕೆ ‘ಣ’, ಉತ್ತರಾಭಾದ್ರದ ಒಂದಕ್ಕೆ ‘ಞ’ ಬರುತ್ತದೆ. ‘ಙ’ದಿಂದ ಹೆಸರು ಹುಡುಕಿ ಕೊಡಿ ನೋಡೋಣ. ಹೀಗಾಗಿ ತೊಟ್ಟಿಲಲ್ಲಿ ಜನ್ಮನಾಮ ಒಂದು, ಕರೆಯುವ ಹೆಸರು ಒಂದು ಅಂತ ಎರಡು ಮಾಡುತ್ತಾರೆ. ಕಾಕಾನನ್ನೂ ಹಾಗೇ ಸಮಾಧಾನ ಮಾಡಿದೆವು.

ಇಡುವ ಮುಂಚೆ ಒಂದು ಸಲ ಕೂಗಿ ನೋಡಿ

ನಮ್ಮ ಕಡೆ ಯಾವ ಹೆಸರೂ ಪೂರ್ತಿ ಉಳಿಯುವುದಿಲ್ಲ. ಬಸವರಾಜ ಬಸ್ಯಾ, ಸಿದ್ದಪ್ಪ ಸಿದ್ಯಾ, ಸಂಗಮೇಶ ಸಂಗ್ಯಾ, ರೇಣುಕಾ ರೇಣಿ. ಅಗಸಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದ ಹಾಗೆ ಒಮ್ಮೆ ಕೂಗಿ. ‘ಏ ವಿಹಾನ್ಯಾ’ ನಿಮ್ಮ ಕಿವಿಗೆ ಸರಿ ಅನಿಸಿದರೆ ಇಡಿ. ನೀಲವ್ವ, ನೀಲಾಂಬಿಕಾ, ನೀಲಾ ಯಾವುದನ್ನು ಇಟ್ಟರೂ ಕೂಗುವಾಗ ‘ಏ ನೀಲೀ’ ಆಗುತ್ತದೆ. ನಮ್ಮ ತಕ್ಕಡಿ ಅಲ್ಲಿಗೆ ಬಾಗತೊಡಗಿತು.

ಆಮೇಲೆ ಅಡ್ಡಹೆಸರಿನ ಜೊತೆ ಇಟ್ಟು ನೋಡಿ. ಮುಂಬೈ ಪ್ರಾಂತದಲ್ಲಿ 1956ರವರೆಗೂ ಇದ್ದ ನಮಗೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರೂ ಬರೆಯುವ ರೂಢಿ. ಮೈಸೂರು ಕಡೆಯ ಇನಿಷಿಯಲ್ ನಮಗೆ ಇಲ್ಲ. ನಮ್ಮ ಅಡ್ಡಹೆಸರುಗಳೋ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೇವಿನಮರದ, ಹೊಸಮನಿ. ಮುಂದೆ ಅಪ್ಪನ ಮಲ್ಲಿಕಾರ್ಜುನ, ಅದರ ಮುಂದೆ ಆರು ಅಕ್ಷರದ ಮಗಳು. ಪರೀಕ್ಷೆಯ ಅರ್ಜಿಯ ಚೌಕಗಳು ಸಾಲುವುದಿಲ್ಲ. ಅಡ್ಡಹೆಸರು ಉದ್ದ ಇದ್ದವರು ಚಿಕ್ಕ ಹೆಸರನ್ನೇ ಆರಿಸಿ.

ಕೊನೆಗೆ ಇಂಗ್ಲಿಷಿನ ಅಕ್ಷರ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ಆಮೇಲೆ ಇಪ್ಪತ್ತು ವರ್ಷ ಇದೇ ಓಡಾಟ. ಹನಮಂತದಲ್ಲಿ ‘ಎನ್’ ಆದಮೇಲೆ ‘ಎ’ನೋ ‘ಯು’ನೋ, ಕೊನೆಗೆ ‘ಟಿ’ ಒಂದೇ ಸಾಕೋ ‘ಟಿಎಚ್’ ಬೇಕೋ. ಬಸವರಾಜದಲ್ಲಿ ‘ವಿ’ನೋ ‘ಡಬ್ಲ್ಯೂ’ನೋ. ಬೆಳಗಾವಿಯ ಸುನೀತಾಗೆ ಬರೀ ‘ಟಿ’, ಬೆಂಗಳೂರಿನವಳಿಗೆ ‘ಟಿಎಚ್’. ನನ್ನ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಬ್ಯಾಂಕಿನ ಒಂದು ಕೆಲಸಕ್ಕೆ ಪ್ರಮಾಣಪತ್ರ ಮಾಡಿಸಿಕೊಂಡು ನಾಲ್ಕು ಸಲ ತಿರುಗಿದ್ದೇನೆ. ಊರುಗಳೇ 2014ರ ನವೆಂಬರಿನಲ್ಲಿ ಬಿಜಾಪುರದಿಂದ ವಿಜಯಪುರ, ಬೆಳಗಾಂನಿಂದ ಬೆಳಗಾವಿ ಆದವು. ಅವುಗಳಿಗೆ ಯಾರೂ ಅಫಿಡವಿಟ್ ಕೇಳಲಿಲ್ಲ.

ಹೆಸರಿಗೆ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಸೇರಿಸುವುದು ಸುಲಭ, ಸೇರಿಸಿದ್ದನ್ನು ತಿದ್ದುವುದು ಕಷ್ಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನದ ಆಧಾರ ಈ ಜನನ ಪ್ರಮಾಣಪತ್ರವೇ. ಹೀಗಾಗಿ ಅದರಲ್ಲಿ ಹೋದ ಅಕ್ಷರವೇ ಮುಂದೆ ಎಲ್ಲ ಕಡೆ ಹೋಗುತ್ತದೆ.

ತೊಟ್ಟಿಲ ದಿನ ನಾನು ನೀಲಾ ಅಂತ ಉಸುರಿದೆ. ಅಜ್ಜಿಯ ಹೆಸರೂ ಉಳಿಯಿತು, ಸೊಸೆ ಬೈಯುವ ಹಾಗೂ ಆಯಿತು. ನೀಲ ಅಂದರೂ ಕಪ್ಪಿನ ಹತ್ತಿರದ ಬಣ್ಣವೇ, ಅದನ್ನು ಯಾರಿಗೂ ಹೇಳಲಿಲ್ಲ. ಗುದ್ದು ಮಾತ್ರ ಬಲವಾಗಿಯೇ ಬಿದ್ದವು. ಅದರಲ್ಲಿ ಒಂದು ತಮ್ಮನ ಹೆಂಡತಿಯ ಅಕ್ಕನದು, ಕಿಯಾರಾದ ಲೆಕ್ಕ ಇರಬೇಕು. ಮರುದಿನ ಅರ್ಜಿಯಲ್ಲಿ ಬರೆದದ್ದು ಎರಡು ‘ಇ’, ಕೊನೆಗೆ ಒಂದೇ ‘ಎ’. ತಮ್ಮ ಎರಡು ಸಲ ಓದಿ ಸಹಿ ಹಾಕಿದ.